ನಲವತ್ತೇಳನೇ ರಾಶಿ

ಕಾಡನ್ನು ನುಂಗುತ್ತಿರುವ ಲಂಟಾನದ ಪೊದೆಯನ್ನು ಹನ್ನೊಂದೇ ದಿನದಲ್ಲಿ ಮಣ್ಣು ಮಾಡಿಬಿಟ್ಟರೆ ಹೇಗೆ ಎಂದು ಮೈಸೂರಿನಲ್ಲಿ ಯಾರೋ ಕುಳಿತು ಯೋಚಿಸಿದರು. ಯೋಚಿಸಿದವರಿಗೆ ಬಹುಮಾನ ಬಂತು. ಆ ಹನ್ನೊಂದು ದಿನ ರಾಶಿ ಕಾಯುವ ಕೆಲಸ ನನಗೆ ಬಂತು.

ನಾನು ಗುರುಮಲ್ಲಪ್ಪ. ಇಪ್ಪತ್ತೆರಡು ವರ್ಷ ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ನೋಡಿಕೊಂಡಿದ್ದವನು. ಅದು ಮುಚ್ಚಿದ ಮೇಲೆ, ಗುಂಡ್ಲುಪೇಟೆಯಾಚೆ ಕಾಡಂಚಿನ ಮದ್ದಿನಹುಂಡಿಯಲ್ಲಿ ಲಂಟಾನ ಗೊಬ್ಬರದ ಘಟಕ ಶುರುವಾಯಿತು. ಬಿಸಿಯ ಹದ ಗೊತ್ತಿರುವ ಮನುಷ್ಯ ಬೇಕೆಂದು ನನ್ನನ್ನು ಕರೆದು ಕಂಟ್ರೋಲ್ ರೂಮಿನಲ್ಲಿ ಕೂರಿಸಿದರು. ರೂಮೆಂದರೆ ಒಂದು ತಗಡಿನ ಗೂಡು, ಎರಡು ಪರದೆ, ಸದ್ದು ಮಾಡುವ ಒಂದು ಫ್ಯಾನು. ಪ್ರತಿ ರಾಶಿಯ ಹೊಟ್ಟೆಗೆ ಚುಚ್ಚಿದ ಸಲಾಕೆಗಳು ಒಳಗಿನ ಬಿಸಿ ಎಷ್ಟೆಂದು ಪರದೆಗೆ ಹೇಳುತ್ತವೆ. ಅದನ್ನು ನೋಡುತ್ತ ಕೂರುವುದು, ಲಾಗ್ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.

ಲಂಟಾನ ಸುಮ್ಮನೆ ಕೊಳೆಯುವ ಜಾತಿಯಲ್ಲ. ಅದರ ಎಲೆಯಲ್ಲೂ ಬೇರಿನಲ್ಲೂ ಒಂದು ಕಹಿ ವಿಷವಿದೆ. ತಾನಿರುವ ಕಡೆ ಇನ್ನೊಂದು ಬೀಜ ಮೊಳೆಯಲು ಬಿಡುವುದಿಲ್ಲ. ಅದನ್ನೂ ತಿಂದು, ಕಟ್ಟಿಗೆಯನ್ನೂ ತಿಂದು ಮುಗಿಸುವ ಒಂದು ಬಿಳಿ ಬೂಷ್ಟನ್ನು ಮೈಸೂರಿನ ಲ್ಯಾಬಿನವರು ಸಾಕಿ ಬೆಳೆಸಿದ್ದರು. ಅದು ಬಿಸಿಯಲ್ಲಷ್ಟೇ ಬದುಕುತ್ತದೆ. ಐವತ್ತು ಡಿಗ್ರಿ ದಾಟಿದರೆ ರಾಕ್ಷಸನ ಹಾಗೆ ತಿನ್ನುತ್ತದೆ, ನಲವತ್ತಕ್ಕಿಂತ ಕೆಳಗಿಳಿದರೆ ಸಾಯುತ್ತದೆ. ಅದಕ್ಕೆ ಕಟ್ಟಿದ ಹಗ್ಗವೇ ಅದು. ರಾಶಿ ಆರಿದಾಗ ಬೂಷ್ಟು ಸತ್ತು, ಕರ್ರಗೆ ಹಗುರವಾದ ಪುಡಿ ಉಳಿಯಬೇಕು. ಸಸಿ ಟ್ರೇಗೆ ತುಂಬುತ್ತಿದ್ದ ತೆಂಗಿನ ನಾರಿನ ಪುಡಿಯೆಲ್ಲ ಹಡಗು ಹತ್ತಿ ಹೋದ ಮೇಲೆ ಸಸಿ ಬೆಳೆಸುವವರಿಗೆ ಗತಿ ಇದೇ ಪುಡಿ. ಚೀಲದ ಮೇಲೆ ದೊಡ್ಡ ಹೆಸರಿತ್ತು, ನಮ್ಮ ಬಾಯಲ್ಲಿ ಅದು ಟ್ರೇ ಮಣ್ಣು.

ನಿಯಮ ಒಂದೇ. ಪ್ರತಿ ಹೊಸ ರಾಶಿಗೂ ಲ್ಯಾಬಿನಿಂದ ಬಂದ ಹೊಸ ಸ್ಟೀಲ್ ಕ್ಯಾನಿನ ಬೂಷ್ಟನ್ನೇ ಹಾಕಬೇಕು. ತೊಂಬತ್ತೆಂಟು ರಾಶಿ ಎಬ್ಬಿಸಿದ್ದೆವು. ತೊಂಬತ್ತೆಂಟಕ್ಕೂ 'ಹೊಸ ಕ್ಯಾನ್ ಬಳಸಲಾಗಿದೆ' ಎಂದು ನಾನು ಗುಂಡಗಿನ ಅಕ್ಷರದಲ್ಲಿ ಬರೆದಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಸುಳ್ಳು.

ಒಂದು ದಿನ ಚಾಮರಾಜನಗರದ ಕಡೆಯ ಒಂದು ನರ್ಸರಿಯಿಂದ ಫೋನ್ ಬಂತು. ನಿನ್ನೆವರೆಗೂ ನೆಟ್ಟಗೆ ನಿಂತಿದ್ದ ಬದನೆ ಸಸಿಗಳು ಬೆಳಗ್ಗೆ ನೋಡುವಾಗ ಸಾಲುಸಾಲಾಗಿ ಮಲಗಿದ್ದವಂತೆ. ಎಲೆಗೆ ರೋಗವಿಲ್ಲ, ಬೇರಿಗೆ ಹುಳವಿಲ್ಲ, ಮಣ್ಣಿನ ಮಟ್ಟದಲ್ಲಿ ಕಾಂಡವೇ ಕರಗಿಹೋಗಿತ್ತು. ಮಾರನೆಯ ದಿನವೇ ಬೂಷ್ಟು ಸಾಕಿದ ಡಾಕ್ಟರ್ ಫರ್ಹಾನಾ ಒಂದು ಪೆಟ್ಟಿಗೆ ಗಾಜಿನ ತಟ್ಟೆಗಳನ್ನು ಹಿಡಿದುಕೊಂಡು ಬಂದು ಘಟಕದ ಪುಟ್ಟ ಲ್ಯಾಬಿನಲ್ಲಿ ತಳವೂರಿದರು. ಪ್ರತಿ ರಾಶಿಯಿಂದಲೂ ಒಂದು ಹಿಡಿ ಮಣ್ಣನ್ನು ನಾವು ಎತ್ತಿಡುವ ಪದ್ಧತಿ. ಅದರಲ್ಲಿ ಹನ್ನೆರಡು ರಾಶಿಗಳದ್ದನ್ನು ಆರಿಸಿ, ತಟ್ಟೆಗೆ ಹಾಕಿ, ಮೇಲೊಂದು ಮರದ ಚೂರಿಟ್ಟು ಮುಚ್ಚಿದರು. ಐದು ದಿನ ಕಾಯಬೇಕು, ಬೇಗ ಹೇಳುವ ಉಪಾಯವಿಲ್ಲ ಎಂದರು.

ಐದನೆಯ ದಿನದ ಬೆಳಗ್ಗೆ ನಾನು ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದೆ. ತಿನ್ನುತ್ತಿದ್ದೆ ಎನ್ನುವುದಕ್ಕಿಂತ ಮುರಿಯುತ್ತಿದ್ದೆ ಎನ್ನಬಹುದು. ನನ್ನ ಹೆಂಡತಿ ದಾಕ್ಷಾಯಿಣಿ ಹಿತ್ತಲಿನ ನೆರಳು ಪರದೆಯ ಶೆಡ್ಡಿನಿಂದ ಕೂಗಿ ಕರೆದಳು. ಆ ಶೆಡ್ಡಿನಲ್ಲಿ ಆರು ನೂರು ಟ್ರೇ ಮೆಣಸಿನ ಸಸಿ. ಹದಿನಾಲ್ಕು ವರ್ಷ ಇನ್ನೊಬ್ಬರ ನರ್ಸರಿಯಲ್ಲಿ ಬೆನ್ನು ಬಗ್ಗಿಸಿ ಟ್ರೇ ತುಂಬಿದವಳು ಅವಳು. ಈ ವರ್ಷ ಮೊದಲ ಬಾರಿಗೆ ಹನ್ನೊಂದು ಊರಿನ ಹೆಂಗಸರ ಸಂಘ ಅವಳ ಮೇಲೆ ನಂಬಿಕೆ ಇಟ್ಟು, ಸಸಿ ಬೆಳೆಸಿಕೊಡು ಎಂದಿತ್ತು. ಬೀಜಕ್ಕೆ ಬೆಚ್ಚಗಿರಲೆಂದು ನಮ್ಮ ಮದುವೆಯ ಕಂಬಳಿಯನ್ನೂ ಒಯ್ದು ಟ್ರೇಗಳಿಗೆ ಹೊದಿಸಿದ್ದಳು. ನಾನು ಒಂದು ವಾರ ದುಪ್ಪಟಿಯಲ್ಲಿ ನಡುಗಿದೆ.

ಒಂದು ಸಸಿಯ ಕಾಂಡವನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದಳು. ಎಳೆ ಹಸಿರು ಹೋಗಿ ಬುಡದಲ್ಲಿ ಕಂದು ಬಣ್ಣ ಇಳಿಯುತ್ತಿತ್ತು. ಕಡ್ಡಿ ಬಲಿತಿದೆ, ನಾಳೆ ನೆಡಬಹುದು, ಮಳೆಯೂ ನಾಳೆಗೇ ಅಂತೆ, ಸಂಘದವರು ಇವತ್ತು ಮಧ್ಯಾಹ್ನವೇ ಬಂದು ಒಯ್ಯುತ್ತಾರೆ ಎಂದಳು. ಅವಳ ಮುಖ ಅಷ್ಟು ಗೆಲುವಾಗಿದ್ದುದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಚಾಮರಾಜನಗರದ ಸುದ್ದಿ ಅವಳಿಗೂ ಮುಟ್ಟಿತ್ತು. ನಮ್ಮ ಮಣ್ಣಿಗೆ ಏನೂ ಆಗಿಲ್ಲ ತಾನೇ ಎಂದು ಕೇಳಿದಳು. ಇಲ್ಲ ಎಂದೆ.

ಲ್ಯಾಬಿಗೆ ಹೋದಾಗ ತಟ್ಟೆಗಳ ಮುಚ್ಚಳ ತೆಗೆದಿತ್ತು. ಎಂಟು ತಟ್ಟೆಗಳಲ್ಲಿ ಮರದ ಚೂರು ಬಿಳಿ ಎಳೆಗಳಡಿ ಕಾಣದಷ್ಟು ಮುಚ್ಚಿಹೋಗಿತ್ತು. ನಾಲ್ಕು ತಟ್ಟೆಗಳಲ್ಲಿ ಚೂರು ಇಟ್ಟ ಹಾಗೇ ಇತ್ತು.

"ಇದು ಮೂವತ್ತು ಡಿಗ್ರಿಯಲ್ಲಿ ಬದುಕಿದೆ ಗುರುಮಲ್ಲಪ್ಪನವರೇ. ಬದುಕಬಾರದು. ಪ್ರತಿ ರಾಶಿಗೂ ಹೊಸ ಕ್ಯಾನೇ ಹಾಕಿದ್ದೀರಿ ತಾನೇ?"

"ಹೌದು ಮೇಡಂ," ಎಂದೆ. ಬಾಯಿ ತಡವರಿಸಲೂ ಇಲ್ಲ.

ಅವರು ಕುರ್ಚಿಯಲ್ಲಿ ಕುಳಿತು ಸಮಾಧಾನವಾಗಿಯೇ ವಿವರಿಸಿದರು. ಈ ಬೂಷ್ಟಿಗೆ ರುಚಿ ಹತ್ತಿರುವುದು ಕಟ್ಟಿಗೆಯದು. ಎಳೆ ಸಸಿಯನ್ನು ಅದು ಮುಟ್ಟುವುದಿಲ್ಲ, ಅದಕ್ಕೇ ನಾವು ಮೊಳಕೆ ಬರಿಸಿ ನೋಡುವ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿಲ್ಲ. ಕಾಂಡ ಬಲಿತು ಕಟ್ಟಿಗೆಯಾಗಲು ಶುರುವಾದ ವಾರದಲ್ಲೇ ತಿನ್ನುತ್ತದೆ. ಟ್ರೇಯಲ್ಲಿರುವ ತನಕ ಸುಟ್ಟುಬಿಡಬಹುದು. ಒಂದು ಸಲ ಹೊಲದ ಮಣ್ಣಿಗೆ ಇಳಿದರೆ ಮೆಣಸಿನ ಗಿಡದ ಜೊತೆ ಬದುವಿನ ಬೇವು, ಹೊಂಗೆ, ಆಮೇಲೆ ಆ ಕಡೆಯ ಕಾಡು. ವಾಪಸು ಕರೆಯುವುದಕ್ಕೆ ಆಗುವುದಿಲ್ಲ ಎಂದು ಹೇಳಿ, ಕಿಟಕಿಯಾಚೆ ಬೆಟ್ಟದ ಮೇಲೆ ಕೂಡುತ್ತಿದ್ದ ಮೋಡವನ್ನು ನೋಡಿದರು. ಮಳೆ ನೀರು ಟ್ರೇಯಿಂದ ಹರಿದರೂ ಸಾಕಂತೆ, ಬೂಷ್ಟು ನೀರಿನ ಜೊತೆ ಹೋಗುತ್ತದಂತೆ. ಉಳಿದ ಎಂಬತ್ತಾರು ರಾಶಿಗಳ ಪರೀಕ್ಷೆಗೆ ಮತ್ತೆ ಐದು ದಿನ ಬೇಕು, ಮಳೆ ಅಷ್ಟು ದಿನ ಕಾಯುವುದಿಲ್ಲ. ಎಲ್ಲವನ್ನೂ ಸುಡಿಸಿದರೆ ಇಡೀ ತಾಲ್ಲೂಕಿಗೆ ಈ ಹಂಗಾಮಿನಲ್ಲಿ ಸಸಿ ಇಲ್ಲ. ಸುಡಿಸದಿದ್ದರೆ ಏನೆಂದು ಅವರು ಹೇಳಲಿಲ್ಲ.

ನಾಲ್ಕು ತಟ್ಟೆ ಯಾಕೆ ಚೊಕ್ಕಟ ಎಂದು ಅವರು ತಲೆ ಕೆಡಿಸಿಕೊಂಡಿದ್ದರು. ಸೊಪ್ಪು ಯಾವ ಕಾಡಿನದು, ನೀರು ಎಷ್ಟು, ಕರೆಂಟು ಯಾವಾಗ ಹೋಯಿತು ಎಲ್ಲವನ್ನೂ ಹೊಂದಿಸಿ ನೋಡಿದ್ದರು. ರಾಶಿ ಎಬ್ಬಿಸಿದ ತಾರೀಕುಗಳನ್ನು ಪಕ್ಕದಲ್ಲಿ ಬರೆದಿದ್ದರು. ನಾನು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದೆ. ಮಂಗಳವಾರ, ಶುಕ್ರವಾರ, ಶುಕ್ರವಾರ, ಮಂಗಳವಾರ. ಯಾಕೆಂದು ನನಗೆ ತಕ್ಷಣ ಹೊಳೆಯಿತು.

ಇದನ್ನು ಅರ್ಥ ಮಾಡಿಕೊಳ್ಳಲು ಚೆನ್ನಾಜಮ್ಮನನ್ನು ಕಾಣಬೇಕು. ರಾಶಿ ತಿರುವುವ ಆರು ಗುಂಪಿನ ಹೆಂಗಸರಿಗೆ ಅವಳೇ ಮೇಸ್ತ್ರಿ. ಶುರುವಿನಲ್ಲಿ ಮೈಸೂರಿನ ಕ್ಯಾನು ಹೇಳಿದ ದಿನ ಬರುತ್ತಲೇ ಇರಲಿಲ್ಲ. ಕತ್ತರಿಸಿದ ಲಂಟಾನ ಬಿಸಿಲಿಗೆ ಒಣಗುತ್ತಿತ್ತು. ಒಂದು ದಿನ ಚೆನ್ನಾಜಮ್ಮ ಆರಿದ ರಾಶಿಯಿಂದ ಒಂದು ಬಕೆಟ್ ಪುಡಿ ತೆಗೆದು ಹೊಸ ರಾಶಿಯ ಹೊಟ್ಟೆಗೆ ಹಾಕಿ ಮುಚ್ಚಿದಳು. ಎರಡೇ ದಿನಕ್ಕೆ ಬಿಸಿ ಏರಿತು, ಕ್ಯಾನಿಗಿಂತ ಬೇಗ. ಆಮೇಲೆ ಕ್ಯಾನು ಬಂದರೂ ಅವಳು ಮುಟ್ಟಲಿಲ್ಲ. ಯಾವ ರಾಶಿ ಚೆನ್ನಾಗಿ ಕಳಿಯಿತೋ ಅದು ಪೂರ್ತಿ ತಣ್ಣಗಾದ ಮೇಲೆ ಒಂದು ಬಕೆಟ್ ತೆಗೆದಿಟ್ಟು ಮುಂದಿನದಕ್ಕೆ ಹಾಕುವಳು. ಹೆಪ್ಪು ಎನ್ನುತ್ತಿದ್ದಳು. ನನಗೆ ಎಲ್ಲ ಗೊತ್ತಿತ್ತು. ರಾಶಿ ಬೇಗ ಮುಗಿಯುತ್ತಿತ್ತು, ಮೇಲಿನವರು ಬೆನ್ನು ತಟ್ಟುತ್ತಿದ್ದರು. ಉಳಿದ ಕ್ಯಾನುಗಳನ್ನು ನಾನೇ ಗುಂಡಿಗೆ ಸುರಿದು, ತೊಳೆದು, ಖಾಲಿ ಡಬ್ಬ ವಾಪಸು ಕಳಿಸುತ್ತಿದ್ದೆ.

ಆದರೆ ಆರು ಗುಂಪೆಂದರೆ ಆ ಹೆಂಗಸರ ಲೆಕ್ಕದಲ್ಲಿ ಆರು ಮನೆ. ಒಂದು ಗುಂಪಿನ ರಾಶಿಯಿಂದ ಇನ್ನೊಂದಕ್ಕೆ ಬಕೆಟ್ ಹೋದರೆ ಮನೆಯಿಂದ ಮನೆಗೆ ಹೆಪ್ಪು ಕೊಟ್ಟ ಹಾಗೆ. ಮಂಗಳವಾರ, ಶುಕ್ರವಾರ ಯಾರು ತಾನೇ ಮನೆಯ ಹೆಪ್ಪು ಹೊರಗೆ ಕೊಡುತ್ತಾರೆ? ಆ ಎರಡು ದಿನ ಮಾತ್ರ ಕ್ಯಾನು ಒಡೆಯುತ್ತಿದ್ದರು.

ದಾಕ್ಷಾಯಿಣಿಯ ಶೆಡ್ಡಿಗೆ ಹೋದ ಚೀಲಗಳು ನಲವತ್ತೇಳನೇ ರಾಶಿಯವು. ನಾನೇ ಆರಿಸಿ ಕಳಿಸಿದ್ದು. ಬೆರಳು ಮಡಚಿ ಎಣಿಸಿದೆ. ಶುಕ್ರವಾರ. ಒಂದು ನಿಮಿಷ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಆಮೇಲೆ ಆ ಶುಕ್ರವಾರ ನೆನಪಾಯಿತು.

ಅವತ್ತು ಕ್ಯಾನು ಒಂದೂ ಇರಲಿಲ್ಲ. ಸೋಮವಾರ ದೊಡ್ಡವರು ನೋಡಲು ಬರುವವರಿದ್ದರು, ಅಷ್ಟರೊಳಗೆ ರಾಶಿಯಿಂದ ಹಬೆ ಏಳಬೇಕಿತ್ತು. ಹೆಪ್ಪು ಹಾಕು ಎಂದೆ. ಚೆನ್ನಾಜಮ್ಮ ಆಗುವುದಿಲ್ಲ, ನಾಳೆ ಹಾಕೋಣ ಎಂದಳು. ಹೆಂಗಸರ ಮುಂದೆ ನನ್ನ ಮಾತು ನಡೆಯಲಿಲ್ಲವಲ್ಲ ಎಂದು ಸಿಟ್ಟು ಬಂತು. ಮೂಢನಂಬಿಕೆ ಎಂದೆಲ್ಲ ಕೂಗಾಡಿ, ಬಕೆಟ್ ಎತ್ತಿ ನಾನೇ ಸುರಿದೆ. ಸೋಮವಾರ ಹಬೆ ಚೆನ್ನಾಗಿಯೇ ಎದ್ದಿತು, ದೊಡ್ಡವರು ಫೋಟೋ ತೆಗೆಸಿಕೊಂಡರು.

ನಾನು ಮೇಡಂಗೆ ಅರ್ಧ ನಿಜ ಹೇಳಿದೆ. ಬಕೆಟ್ಟಿನ ವಿಷಯ, ವಾರದ ವಿಷಯ, ಲಾಗ್ ಪುಸ್ತಕದಲ್ಲಿ ಸುಳ್ಳು ಬರೆದ ವಿಷಯ. ಆ ಒಂದು ಶುಕ್ರವಾರದ ವಿಷಯ ಬಾಯಿಗೆ ಬರಲಿಲ್ಲ. ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಬೈಯಲಿಲ್ಲ, ಚೆನ್ನಾಜಮ್ಮನನ್ನು ಕರೆಸಿದರು.

ಚೆನ್ನಾಜಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ನಿಂತು, ಕೇಳಿದ್ದಕ್ಕೆಲ್ಲ ಹೌದು ಎಂದಳು. ಮುಚ್ಚಿಡುವ ವಿಷಯ ಎಂದೇ ಅವಳಿಗೆ ಅನ್ನಿಸಿರಲಿಲ್ಲ. ತಣ್ಣಗಾದ ರಾಶಿಯಿಂದಲೇ ಯಾಕೆ ತೆಗೆದಿರಿ ಎಂದು ಮೇಡಂ ಕೇಳಿದರು.

"ಬಿಸಿ ಹಾಲಲ್ಲಿ ಹೆಪ್ಪು ತಗದಾರ ಅವ್ವ? ಮೊಸರಾಗಿ ಕುಂತಿರದ್ರಲ್ಲೇ ಅಲ್ವ ತಗಿಯಾದು?"

ಮೇಡಂ ಕಣ್ಣು ಮುಚ್ಚಿಕೊಂಡರು. ರಾಶಿ ತಣ್ಣಗಾದಾಗ ಬೂಷ್ಟೆಲ್ಲ ಸಾಯುತ್ತದೆ, ಲಕ್ಷಕ್ಕೆ ಒಂದೋ ಎರಡೋ ಮೊಂಡು ಜೀವ ಉಳಿದಿರುತ್ತದೆ. ನೀವು ಪ್ರತಿ ಸಲವೂ ಆ ಮೊಂಡನ್ನೇ ಹುಡುಕಿ ತೆಗೆದು, ಹೊಟ್ಟೆ ತುಂಬ ಊಟ ಹಾಕಿ ಬೆಳೆಸಿದ್ದೀರಿ, ಅದೂ ಒಂದರ ಮೇಲೊಂದರಂತೆ ಹತ್ತಾರು ಸಲ ಎಂದರು. ಲ್ಯಾಬಿನಲ್ಲಿ ಬೇಕೆಂದೇ ಮಾಡಿದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲವಂತೆ. ಚೆನ್ನಾಜಮ್ಮನಿಗೆ ಅರ್ಥವಾದದ್ದು ಅವಳ ಮುಖದಲ್ಲಿ ಕಾಣಿಸಿತು.

ಹೊತ್ತು ಕಳೆಯುವ ಹಾಗಿರಲಿಲ್ಲ. ಮೇಡಂ ಕಂಟ್ರೋಲ್ ರೂಮಿನ ಪರದೆಯಲ್ಲಿ ರಾಶಿಗೊಂದರಂತೆ ತೊಂಬತ್ತೆಂಟು ಚೌಕ ಮಾಡಿದರು. ಹೆಪ್ಪು ಶುರುವಾದ ಮೇಲಿನ ದಿನಗಳೆಲ್ಲ ಕೆಂಪು, ಇವತ್ತೇ ಸುಡಬೇಕು. ಮಂಗಳವಾರ, ಶುಕ್ರವಾರ ಹಸಿರು, ನೆಡಬಹುದು. ಸಸಿ ಬೆಳೆಸಿದ ಎಲ್ಲರ ಫೋನಿಗೂ ಚೀಲದ ನಂಬರಿನ ಜೊತೆ ಹೋಗುತ್ತದೆ. ಕಳಿಸುವ ಮೊದಲು ಇನ್ನೊಂದು ಸಲ ಕೇಳಿದರು, ಶುಕ್ರವಾರದ್ದೆಲ್ಲ ಖಂಡಿತ ಚೊಕ್ಕಟವೇ ಎಂದು.

ಚೆನ್ನಾಜಮ್ಮ ನನ್ನ ಕಡೆ ನೋಡಿದಳು. ನಾನು ಪರದೆಯ ನಲವತ್ತೇಳನೇ ಚೌಕವನ್ನೇ ನೋಡುತ್ತ ನಿಂತೆ.

"ನಾನು ಯಾವ ಶುಕ್ರವಾರವೂ ಹೆಪ್ಪು ಹಾಕ್ನಿಲ್ಲ ಕನವ್ವ," ಎಂದಳು.

ನಲವತ್ತೇಳು ಹಸಿರಾಯಿತು. ಮೇಡಂ ಕಳಿಸುವ ಗುಂಡಿ ಒತ್ತಿ, ಕೆಂಪು ಟ್ರೇ ಸುಡಿಸಲು ಜೀಪು ಹತ್ತಿ ಹೊರಟರು. ಹೊರಗೆ ಬಂದ ಮೇಲೆ ಚೆನ್ನಾಜಮ್ಮ ನನ್ನ ಮುಂದೆ ನಿಂತಳು. ಕೆಲಸ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು, ಅದರ ಮಾತು ಎತ್ತಲಿಲ್ಲ.

"ನನ್ ಪಾಲಿಂದ ನಾನು ಒಪ್ಕಂಡಿ. ನಿನ್ ಪಾಲಿಂದ ನಾನೇಳಾಕಾಯ್ತದ ಅಣ್ಣ? ಅದ ನೀನೇ ಏಳ್ಬೇಕು."

ಬೈಕು ಹತ್ತಿದೆ. ಆರು ಕಿಲೋಮೀಟರು ದಾರಿಯಲ್ಲಿ ನನ್ನ ತಲೆ ನೂರು ವಕೀಲರನ್ನು ಕರೆಯಿತು. ಒಂದೇ ಬಕೆಟ್ ತಾನೇ. ಅವತ್ತಿನ ಹೊತ್ತಿಗೆ ಬೂಷ್ಟು ಅಷ್ಟು ಮೊಂಡಾಗಿರಲಿಕ್ಕಿಲ್ಲ. ಸಸಿ ನೆಟ್ಟಗೇ ಇವೆ, ಬೀಳುವುದಾದರೆ ಬಿದ್ದಿರುತ್ತಿದ್ದವು. ಬಿದ್ದರೂ ಯಾರಿಗೆ ಗೊತ್ತಾಗುತ್ತದೆ, ಪಟ್ಟಿಯಲ್ಲಿ ಹಸಿರಿದೆಯಲ್ಲ. ಆದರೆ ಹಿಂದಿನ ದಿನ ಮೇಡಂ ತೋರಿಸಿದ್ದ ಬದನೆ ಸಸಿಗಳು ಮೂವತ್ತಮೂರನೇ ರಾಶಿಯವು. ನಲವತ್ತೇಳು ಅದಕ್ಕಿಂತ ಹದಿನಾಲ್ಕು ರಾಶಿ ಈಚಿನದು, ಇನ್ನೂ ಮೊಂಡೇ ಹೊರತು ಮೆದುವಲ್ಲ. ರಸ್ತೆಯ ಎರಡೂ ಕಡೆ ಉತ್ತು ಹದ ಮಾಡಿದ ಹೊಲಗಳು, ಸಾಲು ಹೊಡೆದು ಕಾಯುತ್ತಿದ್ದವು. ಮೋಡ ಬೆಟ್ಟ ಇಳಿದು ಬಯಲಿಗೆ ಬಂದಿತ್ತು.

ಮನೆಯ ಮುಂದೆ ಗೂಡ್ಸ್ ಆಟೋ ನಿಂತಿತ್ತು. ಸಂಘದ ಏಳೆಂಟು ಹೆಂಗಸರು ಶೆಡ್ಡಿನಿಂದ ಆಟೋದವರೆಗೆ ಸಾಲಾಗಿ ನಿಂತು ಟ್ರೇಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ದಾಕ್ಷಾಯಿಣಿ ನನ್ನನ್ನು ಕಂಡವಳೇ ಫೋನ್ ಎತ್ತಿ ಹಸಿರು ಚೌಕ ತೋರಿಸಿದಳು. ಬೆಳಗಿನಿಂದ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ, ಪಕ್ಕದೂರಿನವರದ್ದೆಲ್ಲ ಕೆಂಪಂತೆ, ಪಾಪ, ನಮ್ಮದು ಉಳಿಯಿತು ಎಂದಳು.

ಆಟೋದವನು ಸ್ಟಾರ್ಟ್ ಮಾಡಿದ. ನಾನು ಹೋಗಿ ಮುಂದಿನ ಚಕ್ರಕ್ಕೆ ಅಡ್ಡ ನಿಂತೆ. ಏನು ಹೇಳಬೇಕೆಂದು ಹೊಂದಿಸಿಕೊಂಡಿದ್ದೆಲ್ಲ ಮರೆತುಹೋಗಿ, ಇಳಿಸಿ, ಎಲ್ಲ ಇಳಿಸಿ ಎಂದಷ್ಟೇ ಬಂತು. ಸಾಲು ನಿಂತುಹೋಯಿತು. ಒಬ್ಬ ಹೆಂಗಸು ಟ್ರೇಯನ್ನು ಎದೆಗೆ ಹಿಡಿದುಕೊಂಡೇ ನಿಂತಳು. ದಾಕ್ಷಾಯಿಣಿ ಹತ್ತಿರ ಬಂದು, ಹಸಿರು ಬಂದಿದೆಯಲ್ಲ ಎಂದು ಮತ್ತೆ ಫೋನ್ ತೋರಿಸಿದಳು.

"ಹಸಿರಲ್ಲ ಅದು. ನಲವತ್ತೇಳಕ್ಕ ಹೆಪ್ಪು ಬಿದ್ದದ."

"ಚೆನ್ನಾಜಮ್ಮ ಶುಕ್ರವಾರ ಹಾಕಲ್ಲ ಅಂತ ಊರಿಗೆಲ್ಲ ಗೊತ್ತು. ಯಾರು ಹಾಕ್ದೋರು?"

"ನಾನು."

ಅವಳು ಫೋನ್ ಕೆಳಗಿಳಿಸಿದಳು. ನಾನು ಎಲ್ಲವನ್ನೂ ಹೇಳಿದೆ, ಸಂಘದವರ ಎದುರಿಗೇ. ಸುರಿದ ಕ್ಯಾನುಗಳು, ಲಾಗ್ ಪುಸ್ತಕ, ಸೋಮವಾರದ ಫೋಟೋ, ಬೆಳಗ್ಗೆ ಅವಳಿಗೆ ಇಲ್ಲ ಎಂದದ್ದು, ಮಧ್ಯಾಹ್ನ ಮೇಡಂ ಎದುರು ಬಾಯಿ ಮುಚ್ಚಿಕೊಂಡದ್ದು. ಮಳೆಗೆ ಮುಂಚೆ ಸುಡಬೇಕು ಎಂದೆ. ನಾಚಿಕೆಯಿಂದ ನನಗೆ ತಲೆ ಎತ್ತಲು ಆಗಲಿಲ್ಲ. ಪರೀಕ್ಷೆ ಮಾಡಿಸಬಾರದೇ ಎಂದು ಸಂಘದ ಹಿರಿಯಳು ಕೇಳಿದಳು. ಐದು ದಿನ ಎಂದೆ. ಅಷ್ಟರಲ್ಲಿ ಮೊದಲ ಹನಿ ನನ್ನ ಕೈಮೇಲೆ ಬಿತ್ತು.

ದಾಕ್ಷಾಯಿಣಿ ಆಟೋದಿಂದ ಒಂದು ಟ್ರೇ ಎಳೆದು ನನ್ನ ಮುಂದೆ ಹಿಡಿದಳು. ಸಸಿಗಳು ಒಂದೇ ಎತ್ತರಕ್ಕೆ ನಿಂತಿದ್ದವು, ಒಂದು ಎಲೆಯೂ ಬಾಡಿರಲಿಲ್ಲ. ಅವಳು ಒಂದನ್ನು ಬಗ್ಗಿಸಿ ಬಿಟ್ಟಳು, ಅದು ಚಿಮ್ಮಿ ನೆಟ್ಟಗಾಯಿತು. ಇನ್ನೊಂದನ್ನು ಬಗ್ಗಿಸಿದಳು. ಅದೂ ಹಾಗೇ.

"ಚೆನ್ನಾಗವ," ಎಂದಳು. "ಪುಸ್ತಕದಲ್ಲಿ ಸುಳ್ಳ ಬರದ್ರಿ. ಆ ಡಾಕ್ಟ್ರಿಗ ಸುಳ್ಳ ಏಳುದ್ರಿ. ಬೆಳಿಗ್ಗ ನನ್ ಮಕ ನೋಡ್ಕಂಡು ಸುಳ್ಳ ಏಳುದ್ರಿ. ಈಗ ಏಳ್ತಿರದ್ನ ಯಾವ ನೆಚ್ಚಿಗೆ ಮೇಲ ನಂಬ್ಲಿ?"

ತೋರಿಸಲು ನನ್ನ ಬಳಿ ಒಂದು ಬಿಳಿ ಎಳೆಯೂ ಇರಲಿಲ್ಲ. ಆಟೋದವನು ಎಂಜಿನ್ ಆರಿಸಿದ. ತಗಡಿನ ಮೇಲೆ ಅಲ್ಲೊಂದು ಇಲ್ಲೊಂದು ಹನಿ ಸದ್ದು ಮಾಡತೊಡಗಿತು. ದಾಕ್ಷಾಯಿಣಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಶೆಡ್ಡಿನ ಹಿಂದೆ ಒಟ್ಟಿದ್ದ ಒಣ ಲಂಟಾನ ಕಡ್ಡಿಯ ಕಡೆ ತಿರುಗಿ, ಬೆಂಕಿ ಹಚ್ಚಲು ಹೇಳಿದಳು.

"ಮೂವತ್ತು ವರ್ಸ ನಿಮ್ ಸುಳ್ಳ ಕೇಳಿವ್ನಿ," ಎಂದಳು. "ನಿಮ್ಗೇ ನಷ್ಟ ಆಗೋ ಅಂತ ಸುಳ್ಳ ಒಂದ್ಸಲಾನೂ ಏಳಿಲ್ಲ."

ಟ್ರೇಯನ್ನು ಎದೆಗವಚಿಕೊಂಡು ಅವಳೇ ಮೊದಲು ಬೆಂಕಿಯ ಕಡೆ ನಡೆದಳು.